ಸಾವಂತ್ರವ್ವ ಎಲ್ಲರಿಗೂ ಹೂಂ ಅಂದಿದ್ದಳು

ಸಾವಂತ್ರವ್ವ ಮತ್ತೆ ಬಲಕ್ಕೆ ವಾಲಿದಳು.

ಗೋಡೆಗೆ ಆನಿಸಿ, ಬೆನ್ನಿಗೆ ಹಲಗೆ ಕೊಟ್ಟು, ಪದ್ಮಾಸನ ಹಾಕಿಸಿ ಕೂರಿಸಿದ್ದರು. ಹಣೆ ತುಂಬ ವಿಭೂತಿ ಬಳಿದಿತ್ತು. ಅಂಗೈಯಲ್ಲಿ ಲಿಂಗವಿತ್ತು. ಮೈಮೇಲೆ ಘಳಿಗೆ ಮುರಿಯದ ಹೊಸ ಇಳಕಲ್ ಸೀರೆ. ಗಂಡ ಹೊಳಬಸಪ್ಪ ಎದ್ದು ಅವಳ ಪಕ್ಕೆಗೆ ಇನ್ನೊಂದು ದಿಂಬು ತುರುಕಿ, ಹೆಗಲು ಹಿಡಿದು ನೆಟ್ಟಗೆ ಮಾಡಿದ. ಭಜನೆಯವರು ತಾಳ ನಿಲ್ಲಿಸಿ ನೋಡಿದರು.

"ಬಿಡ್ರಿ ಮಾವಾರ, ನಾ ಹಿಡಕೊಂಡು ಕೂಡ್ತೀನಿ," ಎಂದಳು ಸೊಸೆ ತ್ರಿವೇಣಿ.

"ನೀ ಹಿಡದ್ರ ನಿಲ್ತಾಳೇನು? ಬಲಕ್ಕ ಯಮನವ್ವ ಕುಂತು ಅಳಾಕತ್ತಾಳ, ಅದಕ್ಕ ಆ ಕಡೆ ವಾಲ್ಯಾಳ. ಯಾರು ಮಾತಾಡಿದ್ರ ಅವರ ಕಡೆ ವಾಲೂದು ಇಕಿ ಮೊದಲಿಂದ ಚಾಳಿ."

ಮಣ್ಣಿಗೆ ಬಂದ ಹೆಂಗಸರು ನಕ್ಕುಬಿಟ್ಟರು. ಆಮೇಲೆ ನೆನಪಾಗಿ ಬಾಯಿಗೆ ಸೆರಗು ಹಿಡಿದರು.

ಹಿಂದಿನ ಸಂಜೆ ಸಾವಂತ್ರವ್ವ ಹಾಲು ಹಿಂಡಿ, ಕೈತೊಳೆದು, ಹೊರಸಿನ ಮೇಲೆ ಕೂತು "ಯಾಕೋ ಎದಿ ಹಿಡದಂಗ ಆಗ್ಯದ" ಎಂದಿದ್ದಳು. ತ್ರಿವೇಣಿ ನೀರು ತರುವಷ್ಟರಲ್ಲಿ ಮುಗಿದಿತ್ತು. ಎಪ್ಪತ್ತರ ಹತ್ತಿರದ ವಯಸ್ಸು. ಹಾಸಿಗೆ ಹಿಡಿಯಲಿಲ್ಲ, ಯಾರ ಕೈಯಿಂದಲೂ ಮಾಡಿಸಿಕೊಳ್ಳಲಿಲ್ಲ. ಬಂದವರೆಲ್ಲ ಇದನ್ನೇ ಹೇಳಿ, ತಮಗೂ ಹೀಗೇ ಬರಲೆಂದು ಕೈಮುಗಿಯುತ್ತಿದ್ದರು.

ತಂಗಿ ಯಮನವ್ವ ಇಂಡಿ ಕಡೆಯ ಹಳ್ಳಿಯಿಂದ ರಾತ್ರಿ ಬಸ್ಸಿನಲ್ಲಿ ಬಂದಿಳಿದಿದ್ದಳು. ಅಳುವುದರಲ್ಲಿ ಅವಳ ಕೈ ಹಿಡಿಯುವವರಿರಲಿಲ್ಲ. ಅಕ್ಕನ ಮೊಣಕಾಲಿಗೆ ಹಣೆ ಹಚ್ಚಿ ರಾಗ ಎತ್ತಿದಳು.

"ಯಕ್ಕಾ, ತವರಿನ ಬಾಗಿಲ ಹಾಕಿ ಹೋದ್ಯಲ್ಲ ಯಕ್ಕಾ... ಪಂಚಮಿಗೆ ಯಾರ ಮನಿಗೆ ಬರಲಿ ಯಕ್ಕಾ... ಹಣಿ ಮ್ಯಾಲ ಚಿಕ್ಕಿ ಇರೋ ಮಣಕ ನಿನಗ ಅಂದಿದ್ದೆಲ್ಲ ಯಕ್ಕಾ... ಯಾರನ್ನ ಕೇಳಿ ಹೊಡಕೊಂಡು ಹೋಗ್ಲಿ ಯಕ್ಕಾ..."

ದಿಂಬು ಸರಿಮಾಡುತ್ತಿದ್ದ ತ್ರಿವೇಣಿಯ ಕೈ ನಿಂತಿತು. ಹಣೆಯಲ್ಲಿ ಬಿಳಿ ಚಿಕ್ಕೆ ಇದ್ದ ಆ ಕಡಸು ಗಬ್ಬವಾಗಿತ್ತು. ಸಂಕ್ರಾಂತಿ ಹೊತ್ತಿಗೆ ಈಯಬೇಕು. ಹಳೆಯ ಎರಡು ಎಮ್ಮೆ ಬತ್ತುವ ಹೊತ್ತಿಗೆ ಅದರ ಹಾಲು ಸುರುವಾದರೆ ಮಾತ್ರ ಈ ಎಮ್ಮೆಕೊಟ್ಟಿಗೆ, ಇಲ್ಲಿಯವರ ಬಾಯಲ್ಲಿ ಗೋಠಾ, ನಡೆಯುತ್ತದೆ. ಅತ್ತೆ ಅದನ್ನು ಕೊಡುತ್ತೇನೆ ಎಂದಿದ್ದಳೇ?

ಹಿತ್ತಲ ಗೋಠಾದಲ್ಲಿ ಎಮ್ಮೆಗಳು ಒದರಿದವು. ಸಾವಿನ ಮನೆಯಲ್ಲಿ ಒಲೆ ಹಚ್ಚುವುದನ್ನು ತಡೆಯಬಹುದು, ಕೆಚ್ಚಲು ತುಂಬುವುದನ್ನು ತಡೆಯಲಾಗದು. ತ್ರಿವೇಣಿ ಸೆರಗು ಸಿಕ್ಕಿಸಿಕೊಂಡು ಬಕೆಟ್ ಹಿಡಿದು ಹೋದಳು.

ಮನೆ ಎಂದರೆ ಮುಂದೆ ಮೂರು ಕೋಣೆ, ಹಿಂದೆ ಏಳು ಎಮ್ಮೆಗಳ ಗೋಠಾ. ಪುಣೆಯಂಚಿನ ಖರಾಡಿ ಬರೀ ಜೋಳದ ಹೊಲವಾಗಿದ್ದಾಗ ಹೊಳಬಸಪ್ಪ ಈ ತುಂಡು ಜಾಗ ಹಿಡಿದಿದ್ದ. ಈಗ ಸುತ್ತಲೂ ಗಾಜಿನ ಕಟ್ಟಡಗಳು ಎದ್ದಿವೆ. ಆಚೆ ಗೋಡೆಯ ಅಪಾರ್ಟ್‌ಮೆಂಟಿನವರು ವರ್ಷಕ್ಕೊಮ್ಮೆ ವಾಸನೆ ಎಂದು ಜಗಳಕ್ಕೆ ಬರುತ್ತಾರೆ. ಬಂದವರು ಅರ್ಧ ಲೀಟರು ಹಾಲು ಗೊತ್ತು ಮಾಡಿಕೊಂಡು ಹೋಗುತ್ತಾರೆ.

ಮೂರನೆಯ ಎಮ್ಮೆಗೆ ಕೂರುವಾಗ ಲೋಕನಾಥ ಬಂದ. ಕುಂದಾಪುರದ ಕಡೆಯವನು, ನಗರ ರಸ್ತೆಯಲ್ಲಿ ಅವನ ಹೋಟೆಲು. ಒಂದು ಕೈಯಲ್ಲಿ ಜನರಿಗೆ ಉಪ್ಪಿಟ್ಟಿನ ಡಬರಿ, ಇನ್ನೊಂದರಲ್ಲಿ ಎಮ್ಮೆಗಳಿಗೆ ತರಕಾರಿ ಸಿಪ್ಪೆಯ ಬುಟ್ಟಿ.

"ಹೋಟೆಲಿಗೆ ಬಾಗಿಲು ಹಾಕಿ ಬಂದೆ ತ್ರಿವೇಣಕ್ಕ. ನಿನ್ನೆಯ ಸಿಪ್ಪೆ ಬಿಸಾಡ್ಲಿಕ್ಕೆ ಮಾತ್ರ ಮನಸ್ಸು ಬರ್ಲಿಲ್ಲ. ಅಮ್ಮ ಬೈದ ಹಾಗೆ ಆಯ್ತು."

"ಅತ್ತಿ ಯಾರಿಗೆ ಬೈದಾರ್ರಿ?"

"ಅದೂ ಹೌದು ಮಾರಾಯ್ರೆ." ಸಿಪ್ಪೆಯನ್ನು ಗೋದಲಿಗೆ ಸುರಿದು ಬುಟ್ಟಿ ಕೊಡವಿದ. "ಈಗ ಹೇಳುವ ಮಾತಲ್ಲ ಇದು. ಆದ್ರೆ ನಾಳೆ ಬೇರೆ ಯಾರೋ ಹೇಳುವ ಮೊದಲು ನಾನೇ ಹೇಳಿಬಿಡ್ತೇನೆ. ವಾಘೋಲಿ ಹತ್ರ ಜಾಗ ನೋಡಿದ್ದೇನೆ. ನಿಮಗೆ ಆಗದ ದಿನ ಎಮ್ಮೆಗಳನ್ನೆಲ್ಲ ನನಗೇ ಕೊಡಿ ಅಂತ ಅಮ್ಮನ ಹತ್ರ ಕೇಳಿದ್ದೆ."

"ಅವರೇನಂದ್ರು?"

"ಹೂಂ ಅಂದ್ರು."

ಹಾಲಿನ ಧಾರೆ ಬಕೆಟ್ಟಿನ ಅಂಚಿಗೆ ಬಿತ್ತು. ಅಷ್ಟರಲ್ಲಿ ಬಾಗಿಲಲ್ಲಿ ಬಸವಲಿಂಗ ಕಾಣಿಸಿಕೊಂಡ. ತ್ರಿವೇಣಿಯ ಗಂಡ, ಸಾವಂತ್ರವ್ವನ ಒಬ್ಬನೇ ಮಗ. ಅಲ್ಲೇ ಖರಾಡಿಯ ಕಂಪನಿಯೊಂದರಲ್ಲಿ ಲೆಕ್ಕ ನೋಡುತ್ತಾನೆ. ರಾತ್ರಿಯೆಲ್ಲ ಅತ್ತು ಕಣ್ಣು ಊದಿದ್ದವು.

"ಲೋಕನಾಥಣ್ಣ, ನಿಮಗ ಹೆಂಗ ಹೂಂ ಅಂದಾಳು? ನನಗ ಅಂದಾಳ. ದೀಪಾವಳಿ ಆದ ಮ್ಯಾಲ ಎಲ್ಲಾ ಚಾಕಣ ಸಂತಿಗೆ ಹೊಡದು, ಅವ್ವ ಆರಾಮ ಕೂಡೂದು ಅಂತ ಮಾತಾಗಿತ್ತು. ದಲ್ಲಾಳಿಗೆ ಹೇಳಿನೂ ಇಟ್ಟೀನಿ. ಬರೂ ಐತವಾರ ಬರ್ತಾನ."

ತ್ರಿವೇಣಿ ತಲೆ ಎತ್ತಲಿಲ್ಲ. ಎಮ್ಮೆಯ ಹೊಟ್ಟೆಗೆ ಹಣೆ ಹಚ್ಚಿ ಹಿಂಡುತ್ತಲೇ ಇದ್ದಳು. ಬೆಚ್ಚಗಿತ್ತು. ತಿಂಗಳ ಹಿಂದೆ ಇದೇ ಜಾಗದಲ್ಲಿ ಅವಳೂ ಅತ್ತೆಯ ಬಾಯಿಂದ ಒಂದು ಹೂಂ ಪಡೆದಿದ್ದಳು. ಅದನ್ನು ನಂಬಿಕೊಂಡೇ ಅವಳು ರಾತ್ರಿಯಿಂದ ಅಳುವುದರ ನಡುವೆ ಧೈರ್ಯವಾಗಿದ್ದುದು.

*

ಸಾವಂತ್ರವ್ವನ ಹೂಂ ಹಿಂದೊಮ್ಮೆ ಒಂದು ದೊಡ್ಡ ಸಂಶೋಧನೆಯನ್ನೇ ದಾರಿ ತಪ್ಪಿಸಿತ್ತು.

ಅದು ತೊಂಬತ್ತೈದರ ಸುಮಾರಿನ ಮಾತು. ಪುಣೆಯ ಒಂದು ಸಂಸ್ಥೆಯವರು ಊರಂಚಿನ ಗೋಠಾಗಳನ್ನು ಆರಿಸಿಕೊಂಡು ಅಧ್ಯಯನ ನಡೆಸುತ್ತಿದ್ದರು. ಎಮ್ಮೆ ಒಂದೇ ಅಲ್ಲ, ಅದು ತಿನ್ನುವ ಮೇವು, ಮೇವು ಬೆಳೆಯುವ ಮಣ್ಣು, ಶೆಗಣಿ, ನೀರು, ಸಾಕುವ ಮನೆ, ಹಾಲು ಕೊಳ್ಳುವ ಪೇಟೆ, ಎಲ್ಲವನ್ನೂ ಒಂದೇ ಸಂಸಾರವೆಂದು ನೋಡಬೇಕು ಎನ್ನುವುದು ಅವರ ವಿಚಾರ. ವಿಚಾರ ಒಳ್ಳೆಯದೇ. ಆದರೆ ಒಟ್ಟಿಗೆ ನೋಡುವ ನಾಲ್ವರೂ ಬೇರೆ ಬೇರೆ ದಿನ ಬರುತ್ತಿದ್ದರು.

ಸೋಮವಾರ ಗ್ಯಾಸಿನ ಸಾಹೇಬ ಬಂದು, ಶೆಗಣಿಯೆಲ್ಲ ಗೋಬರ್ ಗ್ಯಾಸಿನ ಟಾಕಿಗೆ ಹಾಕಬೇಕು ಎಂದ. ಸಾವಂತ್ರವ್ವ ಹೂಂ ಅಂದಳು. ಬುಧವಾರ ಮಣ್ಣಿನ ವಿಜ್ಞಾನಿ ಹುಸೇನಪ್ಪ ಬಂದು, ಶೆಗಣಿಯೆಲ್ಲ ಎರೆಹುಳುವಿನ ಗುಂಡಿಗೆ ಬೇಕು ಎಂದ. ಹೂಂ. ಪಶುವೈದ್ಯ ಮಾರ್ತಾಂಡ ಹಿಂಡಿಯ ಅಳತೆ ಬದಲಿಸಿ, ಅದು ಎಷ್ಟು ಅರಗುತ್ತದೆ ಎಂದು ನೋಡಲು ಶೆಗಣಿಯನ್ನು ಬಿದ್ದಲ್ಲೇ ಬಿಡಬೇಕು ಎಂದ. ಅದಕ್ಕೂ ಹೂಂ. ಇನ್ನು ನರ್ಮದಾ. ಧಾರವಾಡದ ಹುಡುಗಿ, ಅರ್ಥಶಾಸ್ತ್ರದವಳು. ಯಾವ ಬದಲಾವಣೆಯೂ ಇಲ್ಲದೆ ಮೊದಲಿನ ಹಾಗೆ ಕುಳ್ಳು ತಟ್ಟಿ ಮಾರಿದರೆ ಮನೆಗೆ ಏನು ದಕ್ಕುತ್ತದೆ ಎಂದು ಅವಳಿಗೆ ಗೊತ್ತಾಗಬೇಕಿತ್ತು. ಕನ್ನಡದಲ್ಲಿ ಕೇಳಿದಳೆಂದು ಅವಳಿಗೆ ಎರಡು ಸಲ ಹೂಂ ಅಂದಳು.

ಕೊಟ್ಟ ಮಾತು ಉಳಿಸಿಕೊಳ್ಳಬೇಕಲ್ಲ. ಭಾನುವಾರ ಸಂಜೆ ಸಾವಂತ್ರವ್ವ ಗುಂಡಿಯಿಂದ ಶೆಗಣಿ ಹೊತ್ತು ಟಾಕಿಗೆ ತುಂಬುತ್ತಿದ್ದಳು. ಸಾಹೇಬ ಹೋದ ಮೇಲೆ ಹೊಸದನ್ನೆಲ್ಲ ಗುಂಡಿಗೆ. ಮಾರ್ತಾಂಡನ ದಿನ ತೊಳೆದ ನೆಲದ ಮೇಲೆ ಅಲ್ಲಲ್ಲಿ ಇಡುತ್ತಿದ್ದಳು. ಅವನು ಹೋದ ಮೇಲೆ ಅದನ್ನೇ ಗೋಡೆಗೆ ಕುಳ್ಳಾಗಿ ತಟ್ಟುತ್ತಿದ್ದಳು. ಬೆನ್ನು ಮುರಿದುಹೋಗುತ್ತಿತ್ತು. ಗ್ಯಾಸು ಒಂದು ದಿನ ಉಕ್ಕಿದರೆ ಒಂದು ದಿನ ಬತ್ತಿತು. ಎರೆಹುಳುಗಳು ಗುಂಡಿ ಬಿಟ್ಟು ಹೋದವು. ಮಾರ್ತಾಂಡನ ಲೆಕ್ಕದ ಪ್ರಕಾರ ಒಂದು ಎಮ್ಮೆ ತಿಂದದ್ದಕ್ಕಿಂತ ಹೆಚ್ಚು ಶೆಗಣಿ ಹಾಕುತ್ತಿತ್ತು. ನಾಲ್ವರೂ ಆಫೀಸಿನಲ್ಲಿ ಒಬ್ಬರ ಅಂಕಿಯನ್ನು ಇನ್ನೊಬ್ಬರು ಅನುಮಾನಿಸಿ ಮಾತು ಬಿಟ್ಟರು.

ಒಂದು ದಿನ ಒಂದೇ ಜೀಪು ಸಿಕ್ಕಿತೆಂದು ನಾಲ್ವರೂ ಮುಖ ಗಂಟಿಕ್ಕಿಕೊಂಡು ಒಟ್ಟಿಗೆ ಬಂದಿಳಿದರು. ನಾಲ್ವರೂ ಗೋಠಾದಲ್ಲಿ ನಿಂತು ತಮ್ಮ ತಮ್ಮ ಶೆಗಣಿ ತೋರಿಸು ಎಂದರು. ಸಾವಂತ್ರವ್ವನ ಕೈಯಲ್ಲಿ ಒಂದು ಬುಟ್ಟಿ ಇತ್ತು. ಅವಳು ಒಬ್ಬೊಬ್ಬರ ಮುಖ ನೋಡಿದಳು. ಬುಟ್ಟಿ ಕೆಳಗಿಟ್ಟಳು. ಒಳಗೆ ಹೋಗಿ ಮಜ್ಜಿಗೆ ತಂದಳು.

"ಸಾವಂತ್ರವ್ವಾರ," ಎಂದಳು ನರ್ಮದಾ, ಲೋಟ ಹಿಡಿದು. "ಇರೂದು ಒಂದ ಬುಟ್ಟಿ. ನಾಕೂ ಮಂದಿಗೆ ಹೂಂ ಯಾಕಂದ್ರಿ?"

"ನಾಕೂ ಮಂದಿ ಬ್ಯಾರೆ ಬ್ಯಾರೆ ದಿವಸ ಬಂದ್ರೆಲ್ಲ ಅಕ್ಕಾರ. ಮನಿಗೆ ಬಂದವರಿಗೆ ಇಲ್ಲ ಅಂತ ಹೆಂಗ ಅನ್ನೂದು?"

ಹುಸೇನಪ್ಪ ಮೊದಲು ನಕ್ಕ. ನಕ್ಕು ನಕ್ಕು ಮಜ್ಜಿಗೆ ಮೂಗಿಗೆ ಏರಿತು. ಮಾರ್ತಾಂಡ ಅವನ ನೆತ್ತಿ ತಟ್ಟಿದ. ಎಷ್ಟೋ ತಿಂಗಳ ಮೇಲೆ ಅವರಿಬ್ಬರ ನಡುವೆ ನಡೆದ ಮೊದಲ ವ್ಯವಹಾರ ಅದು.

ಅವತ್ತು ಅವರು ಗೋಠಾದಲ್ಲೇ ನೆಲದ ಮೇಲೆ ಕೂತು ಮಾತಾಡಿದರು. ಶೆಗಣಿ ಮೊದಲು ಟಾಕಿಗೆ ಹೋಗಲಿ, ಗ್ಯಾಸು ಕೊಟ್ಟ ಮೇಲೆ ಉಳಿದ ರಾಡಿ ಹುಳುಗಳ ಗುಂಡಿಗೆ ಬರಲಿ, ಅಲ್ಲಿಂದ ಹೊಳೆದಂಡೆಯ ಹುಲ್ಲಿಗೆ ಹೋಗಲಿ, ಹುಲ್ಲು ತಿರುಗಿ ಎಮ್ಮೆಗೆ. ಲೋಕನಾಥನ ಹೋಟೆಲಿನ ಸಿಪ್ಪೆ ಹಿಂಡಿಯ ಖರ್ಚು ಇಳಿಸಲಿ, ಅದಕ್ಕೆ ತಕ್ಕಂತೆ ಮಾರ್ತಾಂಡ ಮೇವಿನ ಅಳತೆ ಹೇಳಲಿ. ಎಲ್ಲ ಕೂಡಿಬಂತು. ಆಗ ನರ್ಮದಾ ಎದ್ದು ನಿಂತು, "ಎಲ್ಲಾ ಖರೆ. ಇದನ್ನೆಲ್ಲಾ ಹೊರೋರು ಯಾರು?" ಎಂದಳು. ಗಂಡಸರು ಬುಟ್ಟಿಯ ಕಡೆ ನೋಡಿದರು. ಮುಂದಿನ ತಿಂಗಳು ಗೋಠಾದ ನೆಲ ಅಗೆದು ಇಳಿಜಾರು ಮಾಡಿದರು. ನೀರು ಬಿಟ್ಟರೆ ಶೆಗಣಿ ತಾನೇ ಟಾಕಿಗೆ ಜಾರುವಂತಾಯಿತು.

ಆಮೇಲೆ ನಾಲ್ವರೂ ಒಂದೇ ದಿನ ಬರತೊಡಗಿದರು. ಅವರ ವರದಿ ಎಲ್ಲೆಲ್ಲಿಗೋ ಹೋಯಿತಂತೆ, ಹೆಸರಾಯಿತಂತೆ. ಸಾವಂತ್ರವ್ವನಿಗೆ ತಿಳಿದದ್ದು ಇಷ್ಟೇ, ಗುರುವಾರ ಮಜ್ಜಿಗೆ ಸ್ವಲ್ಪ ಹೆಚ್ಚು ಮಾಡಬೇಕು.

*

ಹೂವಿನ ವಿಮಾನ ಕಟ್ಟಿದ ಟೆಂಪೊ ರುದ್ರಭೂಮಿ ಮುಟ್ಟಿದಾಗ ಕುಣಿ ಇನ್ನೂ ಆಗಿರಲಿಲ್ಲ. ಕೂರಿಸಲು ಒಳಗೆ ಕೊರೆದ ಗೂಡು ಸಡಿಲ ಮಣ್ಣಿಗೆ ಕುಸಿದಿತ್ತು. ಮತ್ತೆ ಕೊರೆಯುತ್ತಿದ್ದರು. ಅಯ್ಯನವರು ಬೇವಿನ ನೆರಳಲ್ಲಿ ಕೂತು ವಿಭೂತಿ ಗಟ್ಟಿ ಎಣಿಸುತ್ತಿದ್ದರು. ಸಾವಂತ್ರವ್ವ ಹೂವಿನ ಮಂಟಪದಲ್ಲಿ ಕೂತೇ ಇದ್ದಳು. ಬಿಸಿಲು ಅವಳ ಮೂಗುತಿಯ ಮೇಲಿತ್ತು.

ನರ್ಮದಾ ರಿಕ್ಷಾದಿಂದ ಇಳಿದು ಓಡುತ್ತ ಬಂದಳು. ಈಗ ಅವಳ ತಲೆಯೂ ಅರ್ಧ ಬೆಳ್ಳಗಾಗಿದೆ, ಅದೇ ಸಂಸ್ಥೆಯಲ್ಲಿ ದೊಡ್ಡ ಹುದ್ದೆ. ಸಾವಂತ್ರವ್ವನ ಪಾದ ಮುಟ್ಟಿ, ತ್ರಿವೇಣಿಯನ್ನು ತಬ್ಬಿಕೊಂಡು ಅತ್ತಳು.

"ಹೋದ ವಾರ ಫೋನ್ ಮಾಡಿದ್ದೆ ತ್ರಿವೇಣಿ. ಹೊಸ ಅಧ್ಯಯನ ಸುರು ಮಾಡಾಕತ್ತೀವಿ. ಆವಾಗ ನೋಡಿದ ಗೋಠಾದಾಗ ಉಳದಿದ್ದು ನಿಮ್ಮದೊಂದ. ಇನ್ನೈದು ವರ್ಷ ಹಿಂಗ ನಡಸ್ತೀರೇನು ಅಂತ ಕೇಳಿದ್ದೆ."

ತ್ರಿವೇಣಿ ಕಣ್ಣೊರೆಸಿಕೊಂಡಳು. "ಹೂಂ ಅಂದ್ರು, ಹೌದಿಲ್ರಿ?"

"ಹೂಂ ಅಂದ್ರು. ಯಾಕ?"

"ಕೇಳಿದ್ರೇನ್ರಿ?" ಎಂದ ಬಸವಲಿಂಗ ಲೋಕನಾಥನ ಕಡೆ ತಿರುಗಿ. ದುಃಖದಲ್ಲೂ ಅವನ ದನಿ ಏರಿತು. "ನನಗ ಮಾರೂಣು ಅಂತ ಹೂಂ. ನಿಮಗ ಕೊಡ್ತೀನಿ ಅಂತ ಹೂಂ. ಇವರಿಗೆ ನಡಸ್ತೀನಿ ಅಂತ ಹೂಂ!"

"ನನಗ ಮಣಕ," ಎಂದಳು ಯಮನವ್ವ ಮೂಗು ಒರೆಸಿಕೊಳ್ಳುತ್ತ. "ಅದನ್ನ ಬಿಟ್ಟು ಲೆಕ್ಕಾ ಮಾಡಬ್ಯಾಡೋ ಬಸೂ."

"ಚಿಗವ್ವ, ನೀ ಒಬ್ಬಾಕಿ ಕಡಿಮಿ ಆಗಿದ್ದಿ!"

"ಕಡಿಮಿ ಯಾಕ ಆಗ್ಲಿ? ಒಡಹುಟ್ಟಿದಾಕಿ ಅದೀನಿ."

ಕುಣಿ ತೋಡುವವರು ಗುದ್ದಲಿ ನಿಲ್ಲಿಸಿ ನೋಡಿದರು. ಅಯ್ಯನವರು ಕೆಮ್ಮಿದರು. ಅಲ್ಲಿಯವರೆಗೆ ಕಲ್ಲಿನ ಮೇಲೆ ಸುಮ್ಮನೆ ಕೂತಿದ್ದ ಹೊಳಬಸಪ್ಪ ಕೋಲಿನಿಂದ ನೆಲ ಕುಟ್ಟಿದ. ಮಾರ್ಕೆಟ್ ಯಾರ್ಡಿನ ಬೆಲ್ಲದ ಅಂಗಡಿಯಲ್ಲಿ ಲೆಕ್ಕ ಬರೆದು ಮುದುಕನಾದವನು. ಮಾತು ಕಡಿಮೆ.

"ಎಲ್ಲಾರೂ ಅಂದ್ರಿ. ನನಗೇನು ಹೂಂ ಅಂದಿದ್ಲು ಕೇಳಲಿಲ್ಲ."

ಅವನು ಹೂವಿನ ಮಂಟಪದ ಕಡೆ ತಿರುಗಿದ.

"ನಾ ಮೊದಲ ಹೋಗ್ತೀನಿ, ನೀ ಆಮ್ಯಾಲ ಬಾ ಅಂದಿದ್ದೆ. ಅದಕ್ಕೂ ಹೂಂ ಅಂದಿದ್ಲು."

ಅವನು ನಗಲು ಹೋದ. ತುಟಿ ಮಾತು ಕೇಳಲಿಲ್ಲ. ಲೋಕನಾಥ ಹೋಗಿ ಮುದುಕನ ಪಕ್ಕದಲ್ಲಿ ಕೂತು ಅವನ ಮೊಣಕಾಲ ಮೇಲೆ ಕೈಯಿಟ್ಟ. ಯಮನವ್ವ ಈ ಸಲ ರಾಗವಿಲ್ಲದೆ ಅತ್ತಳು.

ಗೂಡು ತಯಾರಾಯಿತು. ಸಾವಂತ್ರವ್ವನನ್ನು ಇಳಿಸಿ, ಒಳಗೆ ಕೂರಿಸಿ, ಸುತ್ತ ವಿಭೂತಿಯ ಗಟ್ಟಿ, ಬಿಲ್ವಪತ್ರೆ ತುಂಬಿದರು. ಒಬ್ಬೊಬ್ಬರಾಗಿ ಮಣ್ಣು ಕೊಟ್ಟರು. ತ್ರಿವೇಣಿ ಹಿಡಿಮಣ್ಣು ಎತ್ತಿಕೊಂಡವಳು ಒಂದು ಗಳಿಗೆ ಹಾಗೇ ಹಿಡಿದು ನಿಂತಳು.

*

ತ್ರಿವೇಣಿ ಸೋಲಾಪುರ ಪೇಟೆಯಲ್ಲಿ ಬೆಳೆದವಳು. ಮದುವೆಯಾಗಿ ಬಂದ ವರ್ಷ ಎಮ್ಮೆಯ ಹತ್ತಿರ ಹೋಗಲು ಹೆದರುತ್ತಿದ್ದಳು. ಸಾವಂತ್ರವ್ವ ಬಾ ಎಂದು ಒಮ್ಮೆಯೂ ಕರೆಯಲಿಲ್ಲ. ದಿನಾ ಬೆಳಗ್ಗೆ ಹಿಂಡುವಾಗ ಏನಾದರೂ ಹಾಡಿಕೊಳ್ಳುತ್ತಿದ್ದಳು. ಆ ಹಾಡು ಸರಿಯಾಗಿ ಕೇಳಲೆಂದು ಬಾಗಿಲಿಗೆ ಬಂದವಳು, ಮುಂದೊಂದು ದಿನ ಕರುವಿನ ಹಗ್ಗ ಹಿಡಿದಳು, ಮತ್ತೊಂದು ದಿನ ಬಕೆಟ್ ಹಿಡಿದಳು. ಎರಡನೆಯ ಮಳೆಗಾಲಕ್ಕೆ ಗುಂಡಿಯ ಗೊಬ್ಬರ ಮುಟ್ಟಿ ನೋಡಿ ಹಣ್ಣಾಗಿದೆಯೋ ಇಲ್ಲವೋ ಹೇಳುತ್ತಿದ್ದಳು. ಟಾಕಿಯ ನೀಲಿ ಉರಿಯ ಮೇಲೆ ರೊಟ್ಟಿ ಬೇಯುವಾಗ, ಆ ಉರಿ ನಿನ್ನೆ ಯಾರ ಮನೆಯ ಕೋಸಿನ ಸಿಪ್ಪೆಯಾಗಿತ್ತು ಎಂದು ಯೋಚಿಸಿ ಒಬ್ಬಳೇ ನಗುತ್ತಿದ್ದಳು. ಈ ಸುತ್ತು ತನ್ನ ಕೈಯಲ್ಲಿ ತಿರುಗುತ್ತಿದೆ ಎನ್ನುವುದು ಅವಳಿಗೆ ಹಿಡಿಸಿತ್ತು. ಇಂಥದ್ದನ್ನು ಅವಳು ಬೇರೆಲ್ಲೂ ಪಡೆದಿರಲಿಲ್ಲ.

ತಿಂಗಳ ಹಿಂದೆ ಧೈರ್ಯ ಮಾಡಿ ಕೇಳಿದ್ದಳು. "ಅತ್ತಿ, ಇವರು ಎಮ್ಮಿ ಮಾರೂಣು ಅಂತಾರ. ನಾ ನಡಸ್ತೀನಿ. ಗೋಠಾ ನನ್ನ ಕೈಯಾಗ ಕೊಡ್ರಿ."

ಸಾವಂತ್ರವ್ವ ಕರುವಿನ ಬೆನ್ನು ಉಜ್ಜುತ್ತಿದ್ದಳು. "ಹೂಂ," ಎಂದಳು. ಸ್ವಲ್ಪ ಹೊತ್ತಿನ ಮೇಲೆ, ಕೇಳದೇ ಇದ್ದರೂ, "ನನಗ ಇಲ್ಲ ಅನ್ನಾಕ ಬರಲಿಲ್ಲ ತಂಗಿ. ಅದರಾಗ ನನ್ನ ಅರ್ಧಾ ಆಯುಷ್ಯ ಹೋತು. ನೀನಾರ ಕಲಿ," ಎಂದಿದ್ದಳು. ತ್ರಿವೇಣಿ ಹೂಂ ಎನ್ನುವುದನ್ನಷ್ಟೇ ಮನಸ್ಸಿನಲ್ಲಿ ಇಟ್ಟುಕೊಂಡಿದ್ದಳು.

*

ಮನೆಗೆ ಬಂದು ಮಿಂದು, ದೀಪ ನೋಡಿ, ನೆರೆಯವರು ತಂದ ಜೋಳದ ರೊಟ್ಟಿ ಬೇಳೆ ಉಂಡರು. ಮಾತು ಮತ್ತೆ ಎಮ್ಮೆಗಳಿಗೇ ಬಂತು. ಈ ಸಲ ಮೆತ್ತಗೆ.

"ಅಮ್ಮನ ಮಾತು ಯಾರಿಗೆ ಮೊದಲು ಅಂತ ನೋಡಿದ್ರೆ ಆಯ್ತಲ್ಲ," ಎಂದ ಲೋಕನಾಥ.

"ಮೊದಲಿಂದು ಹೆಂಗ? ಕಡೀಕ ಹೇಳಿದ್ದ ಖರೆ," ಎಂದಳು ಯಮನವ್ವ. ಮಣಕದ ಮಾತು ಮೊನ್ನೆ ದೀಪಾವಳಿ ಪಾಡ್ಯದ ದಿನ, ಎಲ್ಲರದಕ್ಕಿಂತ ಈಚೆಗೆ ಆದದ್ದು.

ನೀರಿನ ತಂಬಿಗೆ ಇಟ್ಟು ತ್ರಿವೇಣಿ ನಡುಮನೆಯಲ್ಲಿ ನಿಂತಳು. ಕೂದಲಿನಿಂದ ಇನ್ನೂ ನೀರು ತೊಟ್ಟಿಕ್ಕುತ್ತಿತ್ತು.

"ನನಗೂ ಹೂಂ ಅಂದಾರ. ಗೋಠಾ ನಿನಗ ಅಂತ. ನಿಮ್ಮೆಲ್ಲಾರದೂ ಹೆಂಗ ಖರೆನೋ ನಂದೂ ಹಂಗ ಖರೆ, ಹಂಗ ಸುಳ್ಳು. ಅದನ್ನ ಹಿಡಕೊಂಡು ನಾ ಕೇಳಾಂಗಿಲ್ಲ." ಒದ್ದೆ ಕೂದಲನ್ನು ಗಂಟು ಹಾಕಿಕೊಂಡಳು. "ಅತ್ತಿ ಮಾತು ಅತ್ತಿ ಕೂಡ ಮಣ್ಣಾಗ್ಯದ. ಇನ್ನ ಗೋಠಾದ ಮಾತು ನಾ ಆಡ್ತೀನಿ. ಸಣ್ಣತ್ತಿ, ಮಣಕ ಕೊಡಾಂಗಿಲ್ಲ."

ಯಮನವ್ವನ ಬಾಯಿ ತೆರೆಯಿತು. "ಅಕ್ಕ ಇದ್ದಿದ್ರ ಇಲ್ಲ ಅಂತಿದ್ದಿಲ್ಲ."

"ಅಂತಿದ್ದಿಲ್ಲ. ಹೂಂ ಅಂತಿದ್ರು. ಪಂಚಮಿಗೆ ಅಂತಿದ್ರು, ದಸರಾಕ್ಕ ಅಂತಿದ್ರು. ನೀವು ದಾರಿ ಕಾಯ್ತಿದ್ರಿ."

ಯಮನವ್ವ ಯೋಚಿಸಿದಳು. "ಅದಂತೂ ಖರೆ. ಮೂರು ವರ್ಷದ ಹಿಂದ ಒಂದು ಕರಕ್ಕೂ ಹೂಂ ಅಂದಿದ್ಲು." ಆಮೇಲೆ ಗೊಣಗಿದಳು, "ಇದು ಹೆಣ್ಣ ಈದ್ರ ಅದನ್ನಾದ್ರೂ ಕೊಡ್ತೀಯೇನ?"

"ಹಾಲು ಬಿಡಿಸಿ ಕಳಸ್ತೀನಿ. ಇದು ಹೂಂ ಅಲ್ಲ, ಮಾತು."

ಲೋಕನಾಥ ತನ್ನ ಸರದಿ ಬರುವ ಮೊದಲೇ ಕೈಯೆತ್ತಿದ. "ನನಗೆ ಎಮ್ಮೆ ಯಾಕೆ ತ್ರಿವೇಣಕ್ಕ? ಇಲ್ಲಿ ನಿಂತ್ರೆ ನನ್ನ ಹೋಟೆಲಿಗೆ ಹಾಲಿಲ್ಲ ಅಂತ ಹೆದರಿ ಕೇಳಿದ್ದು. ನೀವು ನಡೆಸುವುದಾದ್ರೆ ನಾನು ನಿದ್ದೆ ಮಾಡ್ತೇನೆ."

"ನಿದ್ದಿ ಮಾಡ್ರಿ, ಆದ್ರ ಸಿಪ್ಪಿ ನಿಮ್ಮ ಮಂದಿ ತಂದು ಹಾಕಬೇಕು. ಅತ್ತಿ ಹಂಗ ತಲಿ ಮ್ಯಾಲ ಹೊತ್ತು ತರಾಕಿ ನಾ ಅಲ್ಲ."

"ನೋಡಿ, ಗಂಟೆ ಆಗ್ಲಿಲ್ಲ, ರೂಲು ಸುರು ಆಯ್ತು," ಎಂದ ಲೋಕನಾಥ ಹೊಳಬಸಪ್ಪನಿಗೆ. ಮುದುಕ ಅವತ್ತು ಮೊದಲ ಸಲ ನಕ್ಕ.

ನರ್ಮದಾ ಮೂಲೆಯಲ್ಲಿ ಕೂತು ನೋಡುತ್ತಿದ್ದಳು. ತನ್ನ ಅಧ್ಯಯನದ ಮಾತು ಅವಳು ಎತ್ತಲಿಲ್ಲ. ತ್ರಿವೇಣಿಯೂ ಎತ್ತಲಿಲ್ಲ. ಉಳಿದವನು ಬಸವಲಿಂಗ. ಅವನು ಗೋಡೆಗೆ ಒರಗಿ ಕೂತು ತನ್ನ ಅಂಗೈ ನೋಡಿಕೊಳ್ಳುತ್ತಿದ್ದ.

"ಎಲ್ಲಾರಿಗೂ ಹೇಳಿದಿ," ಎಂದ. "ನನಗೇನು ಹೇಳ್ತಿ?"

"ನಿಮಗೂ ಇಲ್ಲ ಅಂತೀನ್ರಿ. ಐತವಾರ ದಲ್ಲಾಳಿ ಬರೂದು ಬ್ಯಾಡ."

"ಅವ್ವನ ಕೈ ನೋಡೀಯೇನ ನೀ? ಇವತ್ತ ಲಿಂಗ ಇಡೂ ಮುಂದ ಬೆರಳು ಬಿಚ್ಚಲಿಲ್ಲ, ಹಂಗ ಗಟ್ಟಿಯಾಗಿದ್ದವು. ನಿನ್ನ ಕೈ ಹಂಗ ಆಗೂದು ನಾ ನೋಡಬೇಕೇನು? ನನಗ ಎಮ್ಮಿ ಮ್ಯಾಲ ಸಿಟ್ಟಿಲ್ಲ. ನೀ ಅವ್ವ ಆಗೂದು ಬ್ಯಾಡ ಅಂತ."

ಇಷ್ಟು ವರ್ಷದಲ್ಲಿ ಅವನು ಇದನ್ನು ಹೇಳಿರಲಿಲ್ಲ. ವಾಸನೆ, ಅಪಾರ್ಟ್‌ಮೆಂಟಿನವರು, ಕಾಲ ಬದಲಾಗಿದೆ ಎಂದೆಲ್ಲ ಹೇಳಿದ್ದ. ತ್ರಿವೇಣಿ ಅವನ ಎದುರು ಕುಕ್ಕರುಗಾಲಲ್ಲಿ ಕೂತಳು.

"ಅತ್ತಿ ಕೈ ಎಮ್ಮಿಯಿಂದ ಹಂಗ ಆಗಲಿಲ್ರಿ. ಬಂದವರೆಲ್ಲಾರ ಕೆಲಸ ಇಸಕೊಂಡು ಹಂಗ ಆತು. ನಾ ಇಲ್ಲ ಅಂದಿದ್ದು ಈಗ ಕೇಳಿದ್ರೆಲ್ಲ. ನಿಮಗೂ ಅಂದೀನಿ. ನಾ ಅತ್ತಿ ಆಗಾಂಗಿಲ್ಲ, ಆಗಾಕ ಬರಾಂಗಿಲ್ಲ."

ಬಸವಲಿಂಗ ಹೂಂ ಅನ್ನಲಿಲ್ಲ. ಇಲ್ಲ ಎಂದೂ ಅನ್ನಲಿಲ್ಲ. ಹಿತ್ತಲಲ್ಲಿ ಕಣ್ಣಿ ಜಗ್ಗುವ ಸದ್ದು ಕೇಳಿತು. ಎಮ್ಮೆಗಳು ಹೊಳೆಗೆ ಇಳಿಯುವ ಹೊತ್ತು ಮೀರಿತ್ತು. ತ್ರಿವೇಣಿ ಎದ್ದು ಹೋಗಿ ಒಂದೊಂದನ್ನೇ ಬಿಚ್ಚಿದಳು. ತಿರುಗಿ ನೋಡಿದರೆ ಬೆತ್ತ ಹಿಡಿದು ಗಂಡ ನಿಂತಿದ್ದ. ಹಣೆಯ ಮೇಲೆ ವಿಭೂತಿ, ಉಟ್ಟದ್ದು ಒದ್ದೆ ಆರದ ಧೋತರ.

"ನೀ ಹಿಂದ ಬಾ," ಎಂದ. "ಮುಂದ ರಸ್ತಾದಾಗ ಗಾಡಿ ಭಾಳ."

ಹೊಳೆಯ ದಾರಿ ಅವನು ಕೆಲಸ ಮಾಡುವ ಕಟ್ಟಡದ ಎದುರಿಗೇ ಹಾಯುತ್ತಿತ್ತು. ಪಾಳಿ ಬದಲಾಗುವ ಹೊತ್ತು. ಕ್ಯಾಬುಗಳು ಸಾಲಾಗಿ ನಿಂತಿದ್ದವು. ಬಸವಲಿಂಗ ರಸ್ತೆಯ ನಡುವೆ ನಿಂತು ಕೈಯೆತ್ತಿದ. ಎಮ್ಮೆಗಳು ಅವಸರವಿಲ್ಲದೆ ದಾಟತೊಡಗಿದವು. ಒಂದು ಕ್ಯಾಬಿನ ಕಿಟಕಿ ಇಳಿಯಿತು. ಆಫೀಸಿನ ಜೊತೆಗಾರ ಸ್ವಪ್ನಿಲ್ ತಲೆ ಹೊರಗೆ ಹಾಕಿದ.

"ಅರೇ ಬಸವಲಿಂಗ! ತೂ? ಕೋಣಾಚ್ಯಾ ಮ್ಹಶೀ ಹ್ಯಾ?" ಯಾರ ಎಮ್ಮೆಗಳೋ ಇವು ಎಂದು ಕೇಳಿದ.

"ಆಮಚ್ಯಾ," ಎಂದ ಬಸವಲಿಂಗ. ನಮ್ಮವು.

ಆರು ದಾಟಿದವು. ಚಿಕ್ಕೆಯ ಮಣಕ ಮಾತ್ರ ರಸ್ತೆಯ ನಡುವೆ ನಿಂತುಬಿಟ್ಟಿತು. ಕಟ್ಟಡದ ಕೆಳಗೆ ಆ ವಾರವಷ್ಟೇ ಕೂರಿಸಿದ ಗಾಜಿನಲ್ಲಿ ಇಳಿಬಿಸಿಲಿಗೆ ಇನ್ನೊಂದು ಮಣಕ ಇದರ ಕಡೆಗೇ ಮುಖ ಮಾಡಿ ನಿಂತಿತ್ತು. ಇದು ಕಿವಿ ಮುಂದೆ ಮಾಡಿತು. ಅದೂ ಮಾಡಿತು. ಹಿಂದಿನಿಂದ ಹಾರನ್ನು ಹೊಡೆದರು. ಬಸವಲಿಂಗ ಬೆತ್ತವನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡ. ಮಣಕದ ತುಂಬಿದ ಹೊಟ್ಟೆಯ ಮೇಲೆ ಅಂಗೈ ಇಟ್ಟು, ಅದು ನೋಡಿ ಮುಗಿಸುವ ತನಕ ನಿಂತ.